ಮೇಸ್ತ್ರಿ ಫೋನಿನಲ್ಲಿ ಓಡುವುದು ಯಾವುದು? ಮೊದಲ ಸಲ ಪ್ರಾಜೆಕ್ಟ್ ಸಾಫ್ಟ್‌ವೇರ್ ಆರಿಸುವವರಿಗೆ

ಪೈಪಿನ ಕಟ್ಟು ಹೆಗಲ ಮೇಲಿಟ್ಟುಕೊಂಡು ಎಲೆಕ್ಟ್ರಿಷಿಯನ್ ಹುಡುಗ ಮೇಲೆ ಹತ್ತಿ ಬಂದಾಗ ಬೆಳಗ್ಗೆ ಒಂಬತ್ತು ಗಂಟೆ. ಕ್ಯಾತ್ಸಂದ್ರದ ಹತ್ತಿರದ ಸೈಟು. ಮಿಕ್ಸರ್ ಆರು ಗಂಟೆಗೇ ಶುರುವಾಗಿತ್ತು. ಪೂರ್ವದ ರೂಮಿನ ಮೇಲೆ ಕಾಂಕ್ರೀಟ್ ಬಿದ್ದು ಆಗಲೇ ಒಂದು ಗಂಟೆ ಆಗಿತ್ತು. ಹುಡುಗ ಅಲ್ಲೇ ನಿಂತ. "ಮೇಡಂ, ಈ ರೂಮಿಗೆ ಫ್ಯಾನ್ ಬಾಕ್ಸ್ ಹಾಕಿಲ್ಲ. ರಾತ್ರಿ ಮೆಸೇಜ್ ಹಾಕಿದ್ದೆ ಅಲ್ವಾ?" ಎಂದ. ಫ್ಯಾನ್ ಸಿಕ್ಕಿಸುವ ಈ ಬಾಕ್ಸು, ವೈರಿನ ಪೈಪು ಎಲ್ಲ ಕಾಂಕ್ರೀಟ್ ಬೀಳುವ ಮೊದಲೇ ಕೂರಬೇಕು.

ಹಾಕಿದ್ದ. ಗ್ರೂಪ್ ತೆಗೆದು ಮೇಲಕ್ಕೆ ಎಳೆಯುತ್ತಾ ಹೋದೆ. ಜಲ್ಲಿ ಲಾರಿಯ ನಾಲ್ಕು ಫೋಟೊ, ಸಿಮೆಂಟ್ ಮೂಟೆಯ ಲೆಕ್ಕ, ಯಾರದೋ ಮಗುವಿನ ಹುಟ್ಟುಹಬ್ಬ, ಅದಕ್ಕೆ ಏಳೆಂಟು ಜನರ ಕೇಕು, ಕೈಮುಗಿತ. ಅದೆಲ್ಲದರ ಮೇಲೆ, ರಾತ್ರಿ 9.40ಕ್ಕೆ, ಅವನ ಮೆಸೇಜು: "ಪೈಪ್ ಸಾಲಲಿಲ್ಲ. ಒಂದು ರೂಮು ಬಾಕಿ. ಬೆಳಗ್ಗೆ ಬಂದು ಹಾಕ್ತೀನಿ." ಅವನ ಫೋನಿನಲ್ಲಿ ಅದಕ್ಕೆ ನೀಲಿ ಟಿಕ್ ಬಿದ್ದಿತ್ತು. ಅಂದರೆ ನಾನು ನೋಡಿದ್ದೆ. ನೋಡಿ ಮರೆತಿದ್ದೆ. ಆ ರೂಮಿನ ಸೀಲಿಂಗಿನಲ್ಲಿ ಇವತ್ತಿಗೂ ಬಿಳಿ ಕೇಸಿಂಗ್ ಪಟ್ಟಿ ಹೊರಗೇ ಓಡುತ್ತದೆ. ಮನೆಯವರು ನನ್ನ ಮುಂದೆ ಏನೂ ಅನ್ನುವುದಿಲ್ಲ. ಸುಮ್ನೆ ಒಂದು ಸಲ ತಲೆ ಎತ್ತಿ ನೋಡುತ್ತಾರೆ. ಅದು ಸಾಕು.

ನಾನು ಇಂಜಿನಿಯರ್ ಅಲ್ಲ. ತುಮಕೂರಿನಲ್ಲಿ ಮನೆ ಕಟ್ಟಿಸುವ ಒಂದು ಸಣ್ಣ ತಂಡದಲ್ಲಿ ಲೆಕ್ಕ ಬರೆಯಲು ಸೇರಿದವಳು. ಬರಬರುತ್ತಾ "ನಾಳೆ ಯಾರು ಬರಬೇಕು, ಯಾವ ಸಾಮಾನು ಎಲ್ಲಿಗೆ" ಎನ್ನುವುದೂ ನನ್ನ ತಲೆಗೇ ಬಂತು. ಫ್ಯಾನ್ ಬಾಕ್ಸ್ ಆದ ಮೇಲೆ ಸುಮಾರು ಮೂರು ತಿಂಗಳು ಒಂದೊಂದೇ ಸಾಫ್ಟ್‌ವೇರ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಹೊಸದಾಗಿ ಇದಕ್ಕೆ ಕೈ ಹಾಕುವವರಿಗೆ ಆ ಮೂರು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಮನೆ ಕಟ್ಟುವ ಕೆಲಸದವು. ನಿಮ್ಮದು ಬೇರೆ ಕೆಲಸವಾದರೆ ಮೋಲ್ಡ್ (ಛಾವಣಿಗೆ ಕಾಂಕ್ರೀಟ್ ಹಾಕುವುದು) ಇದ್ದಲ್ಲಿ ನಿಮ್ಮ ಮುಖ್ಯ ಕೆಲಸ ಇಟ್ಟುಕೊಂಡು ಓದಿ.

ಹೆಸರು ಆಮೇಲೆ, ಮೊದಲು ಆಕಾರ

ಹುಡುಕಲು ಕೂತರೆ ಹೆಸರುಗಳೇ ತಲೆ ತಿನ್ನುತ್ತವೆ. ಟ್ರೆಲ್ಲೊ, ಆಸನ, ಜಿರಾ, ಕ್ಲಿಕ್‌ಅಪ್, ನೋಷನ್, ಝೋಹೊ ಪ್ರಾಜೆಕ್ಟ್ಸ್, ಮೈಕ್ರೋಸಾಫ್ಟ್ ಪ್ರಾಜೆಕ್ಟ್. ಪ್ರತಿಯೊಂದೂ ತನ್ನಲ್ಲಿ ಎಲ್ಲವೂ ಇದೆ ಎನ್ನುತ್ತದೆ. ನನಗೆ ದಾರಿ ಕಂಡದ್ದು ಹೆಸರು ಬಿಟ್ಟು ಆಕಾರ ನೋಡಿದಾಗ. ಒಳಗೆ ಏನೇ ಇರಲಿ, ಕೆಲಸವನ್ನು ಇವು ಮುಖ್ಯವಾಗಿ ತೋರಿಸುವುದು ಮೂರು ಆಕಾರದಲ್ಲಿ.

ಒಂದು, ಪಟ್ಟಿ. ಕಿರಾಣಿ ಚೀಟಿ ಇದ್ದ ಹಾಗೆ. ಮೇಲಿನಿಂದ ಕೆಳಗೆ ಕೆಲಸ, ಪಕ್ಕದಲ್ಲಿ ಯಾರು, ಯಾವಾಗ.

ಎರಡು, ಬೋರ್ಡು. ಗೋಡೆಯ ಮೇಲೆ ಮೂರು ಕಂಬ ಎಳೆದು "ಮಾಡಬೇಕು", "ನಡೀತಿದೆ", "ಆಯ್ತು" ಎಂದು ಬರೆದು, ಕೆಲಸದ ಚೀಟಿಯನ್ನು ಒಂದರಿಂದ ಇನ್ನೊಂದಕ್ಕೆ ಜರುಗಿಸುವುದು. ಇದಕ್ಕೆ ಕನ್‌ಬಾನ್ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ನಾಮಫಲಕ ಎಂದರ್ಥ. ಟೊಯೋಟ ಕಾರ್ಖಾನೆಯಲ್ಲಿ ಬಿಡಿಭಾಗ ಬೇಕಾದಾಗ ಮಾತ್ರ ತರಿಸಲು ಕಾರ್ಡು ಕಳಿಸುತ್ತಿದ್ದ ಪದ್ಧತಿಯಿಂದ ಬಂದದ್ದು.

ಮೂರು, ಅಡ್ಡಗೆರೆಗಳ ಚಾರ್ಟು. ಮೇಲೆ ತಾರೀಖು, ಎಡಕ್ಕೆ ಕೆಲಸ, ಎಷ್ಟು ದಿನವೋ ಅಷ್ಟು ಉದ್ದದ ಗೆರೆ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಇಂಜಿನಿಯರ್ ಸುಮಾರು 1910ರ ದಶಕದಲ್ಲಿ ಇದನ್ನು ಬಳಕೆಗೆ ತಂದದ್ದರಿಂದ ಗ್ಯಾಂಟ್ ಚಾರ್ಟ್ ಎಂದೇ ಹೆಸರು.

ಇವುಗಳಲ್ಲಿ ಯಾವುದು ನಿಮ್ಮದು ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ನಿಮ್ಮಲ್ಲಿ ಒಂದು ಕೆಲಸ ಮುಗಿಯದೆ ಇನ್ನೊಂದು ಶುರುವಾಗುವ ಹಾಗೇ ಇಲ್ಲವಾ? ಆಗಿದ್ದರೆ ಗ್ಯಾಂಟ್ ಕಡೆ ನೋಡಬೇಕು. ಕೆಲಸ ಮಾಡುವವರೇ ತಮ್ಮ ಫೋನಿನಿಂದ "ಆಯ್ತು" ಎಂದು ಹೇಳಬೇಕಾ? ಆಗಿದ್ದರೆ ಬೋರ್ಡು. ಎರಡಕ್ಕೂ ಹೌದು ಎಂದಿರಾ? ನಮ್ಮದೂ ಅದೇ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಗ್ರೂಪು ಮತ್ತು ನೋಟ್‌ಬುಕ್ಕು

ಇದನ್ನು ಹೀಗಳೆಯಬೇಡಿ. ವಾಟ್ಸಾಪ್ ಕಲಿಸಬೇಕಿಲ್ಲ, ಎಲ್ಲರ ಫೋನಿನಲ್ಲೂ ಇದೆ, ಓದಲು ಬರೆಯಲು ಬರದವರೂ ವಾಯ್ಸ್ ಮೆಸೇಜ್ ಹಾಕುತ್ತಾರೆ. ಮುಖ್ಯ ಮೆಸೇಜನ್ನು ಪಿನ್ ಮಾಡಬಹುದು. ಮೂರ್ನಾಲ್ಕು ಜನ, ಒಂದೇ ಸೈಟು, ಮೇಸ್ತ್ರಿ ದಿನಾ ಎದುರಿಗೇ ಸಿಗುತ್ತಾರೆ ಎಂದಾದರೆ ಇದರ ಜೊತೆ ಒಂದು ನೋಟ್‌ಬುಕ್ಕು ಸಾಕು. ಸಾಫ್ಟ್‌ವೇರ್ ಬೇಡವೇ ಬೇಡ.

ತೊಂದರೆ ಎಲ್ಲಿ ಎಂದರೆ, ಮಾತಿಗೆ ಸ್ಥಿತಿ ಇಲ್ಲ. "ಒಂದು ರೂಮು ಬಾಕಿ" ಎಂಬುದು ಬಂದು ಹೋಗುವ ಮಾತು. ಅದು ಬಾಕಿಯಾಗಿಯೇ ಎಲ್ಲೋ ಒಂದು ಕಡೆ ನಿಂತುಕೊಂಡು ನನ್ನನ್ನು ದಿಟ್ಟಿಸುತ್ತಿರಬೇಕು. ಗ್ರೂಪಿನಲ್ಲಿ ಹಾಗೆ ನಿಲ್ಲುವುದಿಲ್ಲ, ಮುಂದಿನ ಲಾರಿಯ ಫೋಟೊ ಬಂದು ತಳ್ಳುತ್ತದೆ. ಎರಡನೇ ಸೈಟು ಸೇರಿತೋ, ಕೆಲಸ ಕೆಟ್ಟಿತು. "ಸಿಮೆಂಟ್ ಬಂತು" ಎಂದರೆ ಯಾವ ಸೈಟಿಗೆ?

ಇಲ್ಲಿ ಒಂದು ಮಾತು. ಯಾವ ಸಾಫ್ಟ್‌ವೇರ್ ಹಾಕಿದರೂ ಗ್ರೂಪನ್ನು ಮುಚ್ಚಬೇಡಿ. ನಾನು ಮುಚ್ಚಲು ಹೋಗಿ, ಎರಡೇ ದಿನದಲ್ಲಿ ನನ್ನನ್ನು ಬಿಟ್ಟು ಹೊಸ ಗ್ರೂಪು ಹುಟ್ಟಿತು.

ಶೀಟು: ಎಲ್ಲರೂ ಇಲ್ಲಿಂದ ಶುರು ಮಾಡಬಹುದು

ಗೂಗಲ್ ಶೀಟ್ಸ್ ಪ್ರಾಜೆಕ್ಟ್ ಸಾಫ್ಟ್‌ವೇರ್ ಅಲ್ಲ. ಆದರೂ ಹೊಸಬರು ಮೊದಲ ತಿಂಗಳು ಇದರಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಕಾರಣ, ಸಾಫ್ಟ್‌ವೇರ್ ಕೇಳುವ ಎಲ್ಲ ಪ್ರಶ್ನೆಗಳನ್ನೂ ಶೀಟು ಕೇಳಿಸುತ್ತದೆ. ಕೆಲಸ ಏನು? ಯಾರದು? ಯಾವಾಗ ಶುರು? ಎಷ್ಟು ದಿನ? ಯಾವುದರ ನಂತರ? ಈ ಐದು ಕಾಲಂ ತುಂಬಿಸಲು ಬರಲಿಲ್ಲ ಎಂದರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರೂ ಖಾಲಿಯೇ ಇರುತ್ತದೆ.

ನಾನು ಮೊದಲ ಸಲ ತುಂಬಿಸಿದಾಗ "ಯಾರದು" ಕಾಲಂನಲ್ಲಿ ಅರ್ಧಕ್ಕರ್ಧ ನನ್ನ ಹೆಸರೇ ಬಂತು. ಅದನ್ನು ನೋಡಿಯೇ ಗೊತ್ತಾಯಿತು, ಎಲ್ಲರೂ ನನಗೆ ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು ಅಂತ.

ಕಲಿಯಬೇಕಾದದ್ದು ಕಡಿಮೆ. ಮೇಲಿನ ಸಾಲು ಫ್ರೀಜ್ ಮಾಡುವುದು. "ಬಾಕಿ, ನಡೀತಿದೆ, ಆಯ್ತು" ಎಂದು ಡ್ರಾಪ್‌ಡೌನ್ ಹಾಕುವುದು. ಬಾಕಿ ಇದ್ದರೆ ಸಾಲು ಕೆಂಪಾಗುವಂತೆ ಬಣ್ಣದ ನಿಯಮ ಕೊಡುವುದು. ಒಂದು ಮಧ್ಯಾಹ್ನದ ಕೆಲಸ. ತಾರೀಖನ್ನು ಮಾತ್ರ ಕೈಯಲ್ಲಿ ಟೈಪ್ ಮಾಡಬೇಡಿ, ಫಾರ್ಮುಲಾ ಹಾಕಿ. ವರ್ಕ್‌ಡೇ ಎಂಬ ಫಾರ್ಮುಲಾ ಇದೆ. ಅದು ಶನಿವಾರ, ಭಾನುವಾರ ಎರಡನ್ನೂ ರಜೆ ಎಂದು ಹಿಡಿಯುತ್ತದೆ. ನಮಗೆ ಶನಿವಾರ ಕೆಲಸ ಇರುತ್ತದೆ, ವಾರದ ಕೂಲಿಯ ಬಟವಾಡೆಯೂ ಅವತ್ತೇ. ಅದಕ್ಕೆ ಅದೇ ಫಾರ್ಮುಲಾದ ಇನ್ನೊಂದು ರೂಪ, ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಇಂಟಲ್ ಎಂದು ಬಾಲ ಇರುವುದು (WORKDAY.INTL), ಬಳಸಿ. ವಾರದ ರಜೆಯ ಜಾಗದಲ್ಲಿ 11 ಎಂದು ಕೊಟ್ಟರೆ ಭಾನುವಾರ ಮಾತ್ರ ರಜೆ ಎಂದು ಲೆಕ್ಕ ಹಾಕುತ್ತದೆ.

ಶೀಟಿನ ಸೋಲು ಫೋನಿನಲ್ಲಿ. ಸೈಟಿನಲ್ಲಿ, ಬಿಸಿಲಿನಲ್ಲಿ, ಸಿಮೆಂಟ್ ಮೆತ್ತಿದ ಬೆರಳಿನಲ್ಲಿ ಅಷ್ಟು ಕಾಲಂನ ಶೀಟನ್ನು ಎಳೆದಾಡಿ ಸರಿಯಾದ ಚೌಕದಲ್ಲಿ "ಆಯ್ತು" ಒತ್ತಿ ಎಂದರೆ ಯಾರು ಒತ್ತುತ್ತಾರೆ? ನಮ್ಮ ಮೇಸ್ತ್ರಿ ಒಂದು ಸಲ ಪ್ರಯತ್ನ ಮಾಡಿದರು. ಒಂದು ಸಾಲೇ ಅಳಿಸಿಹೋಯಿತು. ವರ್ಷನ್ ಹಿಸ್ಟರಿಗೆ ಹೋಗಿ ಹಳೆಯದನ್ನು ವಾಪಸ್ ತಂದೆ, ನಷ್ಟ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವರು ಶೀಟನ್ನು ಮುಟ್ಟಲಿಲ್ಲ. ಹೀಗಾಗಿ ಶೀಟು ಒಬ್ಬರೇ ತುಂಬಿಸಿ, ಉಳಿದವರು ನೋಡುವ ಕಡೆಗೆ ಒಳ್ಳೆಯದು. ಬೇರೆಯವರಿಗೆ "ನೋಡಲು ಮಾತ್ರ" ಎಂದು ಶೇರ್ ಮಾಡಿ.

ಬೋರ್ಡು: ಟ್ರೆಲ್ಲೊ ಮತ್ತು ಅದರ ಬಳಗ

ಟ್ರೆಲ್ಲೊ 2011ರಲ್ಲಿ ಬಂದದ್ದು. 2017ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಅದನ್ನು ಕೊಂಡುಕೊಂಡಿತು. ಬೋರ್ಡು, ಅದರಲ್ಲಿ ಲಿಸ್ಟು, ಲಿಸ್ಟಿನಲ್ಲಿ ಕಾರ್ಡು. ಅಷ್ಟೇ ವ್ಯಾಕರಣ. ಕಾರ್ಡಿನೊಳಗೆ ಫೋಟೊ ಹಾಕಬಹುದು, ಚೆಕ್‌ಲಿಸ್ಟ್ ಹಾಕಬಹುದು, ಕಡೆಯ ತಾರೀಖು ಕೊಡಬಹುದು, ಯಾರಿಗೆ ಎಂದು ಹೆಸರು ಹಚ್ಚಬಹುದು. ಕನ್ನಡದಲ್ಲಿ ಆರಾಮಾಗಿ ಬರೆಯಬಹುದು. ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಅಕ್ಷರವಾಗುತ್ತದೆ.

ನಮ್ಮ ಬೋರ್ಡು ಹೇಗಿದೆ ಹೇಳುತ್ತೇನೆ. ಒಂದು ಮನೆಗೆ ಒಂದು ಬೋರ್ಡು. ಮೊದಲು "ಮಾಡಬೇಕು, ನಡೀತಿದೆ, ಆಯ್ತು" ಎಂದೇ ಲಿಸ್ಟು ಮಾಡಿದ್ದೆ. ಒಂದು ವಾರ ಆದ ಮೇಲೆ ನಡುವೆ ಇನ್ನೊಂದು ಬೇಕಾಯಿತು: "ಕಾಯ್ತಿದೀವಿ". ಕಂಬಿ ಬರಲಿ ಅಂತ, ಮನೆಯವರು ಟೈಲ್ಸ್ ಒಪ್ಪಲಿ ಅಂತ, ಪ್ಲಂಬರ್ ಊರಿಂದ ಬರಲಿ ಅಂತ. ಮನೆ ಕಟ್ಟುವ ಕೆಲಸದಲ್ಲಿ ಅರ್ಧ ಈ ಲಿಸ್ಟಿನಲ್ಲೇ ಇರುತ್ತದೆ. ಬೆಳಗ್ಗೆ ನಾನು ಮೊದಲು ನೋಡುವುದೂ ಇದನ್ನೇ. ಯಾವ ಟ್ಯುಟೋರಿಯಲ್ಲಿನಲ್ಲೂ ಮೊದಲು ಹೇಳಿಕೊಡುವುದಿಲ್ಲ ಇದನ್ನು, ಆದರೆ ನಮಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ.

"ಮೋಲ್ಡ್" ಎಂಬ ಕಾರ್ಡಿನೊಳಗೆ ಚೆಕ್‌ಲಿಸ್ಟು: ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಹೊರುವ ಹಲಗೆ, ಊರೆ) ಲೆವೆಲ್, ಕಂಬಿ ಕೆಳಗೆ ಕವರ್ ಬ್ಲಾಕ್, ಪ್ರತಿ ರೂಮಿನ ಫ್ಯಾನ್ ಬಾಕ್ಸ್, ಲೈಟ್ ಪಾಯಿಂಟ್, ಬಾತ್‌ರೂಮಿನ ಪೈಪಿಗೆ ಬಿಟ್ಟ ತೂತು. ಫ್ಯಾನ್ ಬಾಕ್ಸ್ ಅನ್ನು ಒಂದೇ ಸಾಲಾಗಿ ಬರೆದಿಲ್ಲ. ಹಾಲು, ಅಡುಗೆಮನೆ, ಪೂರ್ವದ ರೂಮು, ಪಶ್ಚಿಮದ ರೂಮು, ಒಂದೊಂದೂ ಬೇರೆ ಬೇರೆ ಸಾಲು. "ಎಲ್ಲ ಹಾಕಿದೀವಿ" ಎಂಬ ಮಾತಿನೊಳಗೆ ಒಂದು ರೂಮು ಅಡಗಿಕೊಳ್ಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಎಲ್ಲ ಟಿಕ್ ಬಿದ್ದು, ಫೋಟೊ ಬಂದ ಮೇಲೆಯೇ ಮಿಕ್ಸರಿನವರಿಗೆ ಫೋನು.

ಕೊರತೆ ಏನು? ಒಂದು ಕಾರ್ಡು ತಡವಾದರೆ ಅದರ ನಂತರದ ಕಾರ್ಡುಗಳ ತಾರೀಖು ತಾನಾಗಿ ಜರುಗುವುದಿಲ್ಲ. ಇದಾದ ಮೇಲೆ ಅದು ಎಂಬ ಕೊಂಡಿ ಟ್ರೆಲ್ಲೊದ ಹುಟ್ಟುಗುಣ ಅಲ್ಲ. ಟೈಮ್‌ಲೈನ್ ನೋಟ ಬೇಕಾದರೆ ದುಡ್ಡು ಕೊಡುವ ಪ್ಲಾನು. ಉಚಿತ ಪ್ಲಾನಿನಲ್ಲಿ ಒಂದು ವರ್ಕ್‌ಸ್ಪೇಸಿಗೆ 10 ಜನ, 10 ಬೋರ್ಡು. ನಮ್ಮಂಥ ತಂಡಕ್ಕೆ ಧಾರಾಳ ಸಾಕು. ಇಂಥ ಮಿತಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತಿರುತ್ತವೆ. ಸೇರುವ ದಿನ ಬೆಲೆಯ ಪುಟ ನೀವೇ ಒಂದು ಸಲ ನೋಡಿ.

ಆಸನ ಇದರ ಅಣ್ಣ ಎನ್ನಿ. ಹೆಸರು ನಮ್ಮ ಯೋಗಾಸನದ ಆಸನವೇ. ಫೇಸ್‌ಬುಕ್ ಕಟ್ಟಿದವರಲ್ಲಿ ಒಬ್ಬರಾದ ಡಸ್ಟಿನ್ ಮಾಸ್ಕೋವಿಟ್ಸ್ ಮತ್ತು ಅವರ ಜೊತೆಗಾರರು 2008ರಲ್ಲಿ ಶುರು ಮಾಡಿದ ಕಂಪನಿ. ಒಂದೇ ಕೆಲಸವನ್ನು ಪಟ್ಟಿಯಾಗಿಯೂ ನೋಡಬಹುದು, ಬೋರ್ಡಾಗಿಯೂ ನೋಡಬಹುದು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುವ ಜನಕ್ಕೆ ನಾನು ಟ್ರೆಲ್ಲೊಗಿಂತ ಇದನ್ನೇ ಹೇಳುತ್ತೇನೆ. "ನನ್ನ ಕೆಲಸಗಳು" ಎಂದು ಒಬ್ಬೊಬ್ಬರಿಗೂ ಬೇರೆ ಪುಟ ಇರುವುದು ತುಂಬಾ ಅನುಕೂಲ. ಸೈಟಿನ ಜನಕ್ಕೆ ಮಾತ್ರ ಅದರಲ್ಲಿ ಗುಂಡಿಗಳು ಜಾಸ್ತಿ.

ಕ್ಲಿಕ್‌ಅಪ್, ನೋಷನ್ ಎರಡರದೂ ಒಂದೇ ಕಾಯಿಲೆ. ಏನು ಬೇಕಾದರೂ ಮಾಡಬಹುದು. ಹೊಸಬರಿಗೆ ಇದು ವರ ಅಲ್ಲ. ನಾನು ನೋಷನ್‌ನಲ್ಲಿ ನಾಲ್ಕು ದಿನ ಪುಟದ ಬಣ್ಣ, ಐಕಾನು, ಮೇಲಿನ ಚಿತ್ರ ಜೋಡಿಸಿದೆ. ದೇವರಾಯನದುರ್ಗದ ಚಂದದ ಫೋಟೊ ಹಾಕಿದೆ. ಐದನೇ ದಿನ ನೋಡಿದರೆ ಒಂದು ಕೆಲಸವನ್ನೂ ಬರೆದಿರಲಿಲ್ಲ.

ಗ್ಯಾಂಟ್: ಕಾಂಕ್ರೀಟಿಗೆ ಭಾನುವಾರ ಇಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೊಸಬರು ಹೆದರುವುದು ಇಲ್ಲೇ, ನಿಜವಾದ ಲಾಭ ಇರುವುದೂ ಇಲ್ಲೇ.

ಒಂದು ಮೋಲ್ಡ್ ತಗೊಳ್ಳಿ. ಸೆಂಟ್ರಿಂಗ್ 6 ದಿನ. ಕಂಬಿ ಕಟ್ಟಲು 4 ದಿನ. ಪೈಪು, ಬಾಕ್ಸು 1 ದಿನ. ಕಾಂಕ್ರೀಟ್ 1 ದಿನ. ಆಮೇಲೆ ಕಾಯುವುದು. ಐಎಸ್ 456 ಎಂಬ ಕಾಂಕ್ರೀಟಿನ ನಿಯಮ ಪುಸ್ತಕದ ಪ್ರಕಾರ 4.5 ಮೀಟರಿಗಿಂತ ಹೆಚ್ಚು ಅಂತರದ ಸ್ಲ್ಯಾಬಿಗೆ ಕೆಳಗೆ ಆನಿಸಿ ನಿಲ್ಲಿಸಿದ ಊರೆಗಳನ್ನು 14 ದಿನ ತೆಗೆಯುವಂತಿಲ್ಲ, ಅದರೊಳಗಿನದಾದರೆ 7 ದಿನ. ನೀರು ಹಾಕುವುದು ಕನಿಷ್ಠ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಾದರೆ 10 ದಿನ. ಊರೆ ತೆಗೆದ ಮೇಲೆಯೇ ಕೆಳಗಿನ ಪ್ಲಾಸ್ಟರಿಂಗ್. ಅದಾದ ಮೇಲೆ ವೈರಿಂಗ್ ಎಳೆಯುವುದು, ಆಮೇಲೆ ಟೈಲ್ಸು.

ಈಗ ಕಂಬಿ ಲೋಡು ಎರಡು ದಿನ ತಡವಾಯಿತು ಅಂದುಕೊಳ್ಳಿ. ಬೋರ್ಡಿನಲ್ಲಾದರೆ ಅದರ ನಂತರದ ಪ್ರತಿ ಕಾರ್ಡಿನ ತಾರೀಖನ್ನೂ ನೀವೇ ಹೋಗಿ ಬದಲಿಸಬೇಕು. ಗ್ಯಾಂಟಿನಲ್ಲಿ ಕಂಬಿಯ ಗೆರೆಯನ್ನು ಎರಡು ದಿನ ಎಳೆದರೆ ಸಾಕು, ಹಿಂದಿರುವ ಗೆರೆಗಳೆಲ್ಲ ರೈಲು ಬೋಗಿಯ ಹಾಗೆ ಜರುಗುತ್ತವೆ. ಟೈಲ್ಸಿನವರಿಗೆ ಯಾವತ್ತು ಬರಲು ಹೇಳಬೇಕು ಎಂದು ಕಣ್ಣೆದುರಿಗೇ ಕಾಣುತ್ತದೆ. ಅದೇ ಹೊತ್ತಿಗೆ ಗುಬ್ಬಿ ಗೇಟಿನ ಹತ್ತಿರದ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ ವೆಲ್ಡಿಂಗ್ ನಡೆಯುತ್ತಿರುತ್ತದೆ. ಅದು ಐದು ದಿನ ತಡವಾದರೂ ಮನೆಗೆ ಏನೂ ಆಗುವುದಿಲ್ಲ, ಗ್ರಿಲ್ ಬೇಕಾಗುವುದು ಪ್ಲಾಸ್ಟರಿಂಗ್ ಹೊತ್ತಿಗೆ. ಯಾವ ಕೆಲಸ ಒಂದು ದಿನ ಜರುಗಿದರೆ ಗೃಹಪ್ರವೇಶವೂ ಒಂದು ದಿನ ಜರುಗುತ್ತದೋ ಅಂಥ ಕೆಲಸಗಳ ಸರಪಳಿಗೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿದ ಲೆಕ್ಕ. ಸಾಫ್ಟ್‌ವೇರ್ ಇದನ್ನು ಕೆಂಪು ಗೆರೆಯಲ್ಲಿ ತೋರಿಸುತ್ತದೆ. ಯಾರಿಗೆ ದಿನಾ ಫೋನ್ ಮಾಡಬೇಕು, ಯಾರನ್ನು ಅವರ ಪಾಡಿಗೆ ಬಿಡಬಹುದು ಎಂದು ನನಗೆ ಹೇಳಿಕೊಟ್ಟದ್ದು ಆ ಕೆಂಪು ಗೆರೆ. ಅಲ್ಲಿಯವರೆಗೆ ಎಲ್ಲರಿಗೂ ಒಂದೇ ಸಮ ಫೋನ್ ಮಾಡಿ ಎಲ್ಲರ ಹತ್ತಿರವೂ ಬೈಸಿಕೊಳ್ಳುತ್ತಿದ್ದೆ.

ಯಾವುದನ್ನು ಹಾಕುವುದು? ದುಡ್ಡಿಲ್ಲದೆ ಕಲಿಯಲು ಪ್ರಾಜೆಕ್ಟ್‌ಲಿಬ್ರೆ ಮತ್ತು ಗ್ಯಾಂಟ್‌ಪ್ರಾಜೆಕ್ಟ್. ಎರಡೂ ಉಚಿತ, ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಬಳಸುವಂಥವು, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಗ್ಯಾಂಟ್‌ಪ್ರಾಜೆಕ್ಟ್ ಸರಳ. ಚಾರ್ಟನ್ನು ಪಿಡಿಎಫ್ ಮಾಡಿ ಮನೆಯವರಿಗೆ ಕಳಿಸಬಹುದು. ಪ್ರಾಜೆಕ್ಟ್‌ಲಿಬ್ರೆ ನೋಡಲು ಹಳೇ ಕಾಲದ್ದು, ಆದರೆ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಫೈಲು ತೆರೆಯುತ್ತದೆ. ಇದರಲ್ಲಿ ಕಲಿತ ಕೈ ಅಲ್ಲಿಯೂ ಓಡುತ್ತದೆ. ನೀವು ಕೆಲಸ ಹುಡುಕುತ್ತಿರುವ ಸಿವಿಲ್ ಡಿಪ್ಲೊಮಾ ಹುಡುಗಿಯೋ ಹುಡುಗನೋ ಆಗಿದ್ದರೆ ಮೇಲೆ ಹೇಳಿದ ಟ್ರೆಲ್ಲೊ ಕಥೆಯನ್ನೆಲ್ಲ ಬಿಟ್ಟು ನೇರ ಇದಕ್ಕೆ ಬನ್ನಿ. ದೊಡ್ಡ ಕಾಂಟ್ರ್ಯಾಕ್ಟರುಗಳು ಕೇಳುವುದು ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅಥವಾ ಒರಾಕಲ್‌ನ ಪ್ರಿಮಾವೆರಾ. ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಮೊದಲ ಆವೃತ್ತಿ ಬಂದದ್ದು 1984ರಲ್ಲಿ. ಅಷ್ಟು ಹಳೆಯದಾದ್ದರಿಂದಲೇ ಎಲ್ಲ ಕಡೆ ಬೇರೂರಿದೆ. ಸಣ್ಣ ತಂಡಕ್ಕೆ ಅದರ ಲೈಸೆನ್ಸ್ ದುಬಾರಿ.

ಹೊಸಬರು ಬೀಳುವ ಹಳ್ಳ ಒಂದಿದೆ: ಕ್ಯಾಲೆಂಡರ್. ಇವೆಲ್ಲ ಹೊರದೇಶದ ಆಫೀಸಿನ ವಾರವನ್ನು ಹಿಡಿದುಕೊಂಡು ಹುಟ್ಟಿವೆ. ಸೋಮವಾರದಿಂದ ಶುಕ್ರವಾರ ಕೆಲಸ, ದಿನಕ್ಕೆ 8 ಗಂಟೆ. ಶುಕ್ರವಾರ ಶುರುವಾದ 4 ದಿನದ ಕಂಬಿ ಕೆಲಸ ಅದರ ಲೆಕ್ಕದಲ್ಲಿ ಬುಧವಾರ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಮಂಗಳವಾರವೇ ಮುಗಿದಿರುತ್ತದೆ. ಆದ್ದರಿಂದ ಮೊದಲ ಕೆಲಸವೇ ಕ್ಯಾಲೆಂಡರಿಗೆ ಹೋಗಿ ಶನಿವಾರವನ್ನು ಕೆಲಸದ ದಿನ ಮಾಡುವುದು. ಯುಗಾದಿ ಮತ್ತು ಮಾರನೇ ದಿನದ ಹೊಸತೊಡಕನ್ನು ರಜೆ ಎಂದು ಗುರುತು ಹಾಕಿ. ಹೊಸತೊಡಕಿನ ದಿನ ಯಾರಾದರೂ ಸೈಟಿಗೆ ಬರುತ್ತಾರೆಂದು ಸಾಫ್ಟ್‌ವೇರ್ ನಂಬಬಹುದು, ನೀವು ನಂಬಬೇಡಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಊರೆ ತೆಗೆಯಲು ಕಾಯುವ 14 ದಿನದಲ್ಲಿ ಭಾನುವಾರವೂ ಸೇರುತ್ತದೆ. ಕಾಂಕ್ರೀಟು ಭಾನುವಾರ ಮನೆಗೆ ಹೋಗುವುದಿಲ್ಲ. ಭಾನುವಾರ ಬಿಟ್ಟು 14 ಎಂದು ಎಣಿಸಿದರೆ ಹದಿನಾರೋ ಹದಿನೇಳೋ ದಿನವಾಗಿ ಸುಮ್ನೆ ಎರಡು ಮೂರು ದಿನ ಹೋಗುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟಿನಲ್ಲಿ ಇಂಥ ಕಾಯುವ ದಿನಗಳಿಗೆ ಎಲಾಪ್ಸ್ಡ್ ಡೇ ಎಂದು ಬೇರೆ ಅಳತೆಯೇ ಇದೆ. ಬೇರೆ ಕಡೆ ಅದು ಸಿಗದಿದ್ದರೆ ಆ ಕೆಲಸಕ್ಕೆ ಮಾತ್ರ ಏಳು ದಿನದ ಕ್ಯಾಲೆಂಡರ್ ಕೊಡಿ.

ಗ್ಯಾಂಟಿನ ಸೋಲು? ಮೇಸ್ತ್ರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಅಕ್ಕಾ, ಇದು ಇಸಿಜಿ ಇದ್ದಂಗೈತೆ" ಎಂದರು.

ಇನ್ನುಳಿದವು

ಜಿರಾ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಣ್ಣನ ಮಗ, "ಅತ್ತೆ, ಜಿರಾ ಹಾಕಿ, ನಾವೆಲ್ಲ ಅದೇ ಬಳಸೋದು" ಎಂದ. ನನಗೆ ಮೊದಲು ಜೀರಾ ರೈಸ್ ನೆನಪಾಯಿತು. ಅದರ ಹೆಸರು ಬಂದದ್ದು ಗಾಡ್ಜಿಲಾದ ಜಪಾನಿ ಹೆಸರಾದ ಗೊಜಿರಾದಿಂದ. 2002ರಲ್ಲಿ ಸಾಫ್ಟ್‌ವೇರ್ ಬರೆಯುವವರ ತಪ್ಪುಗಳನ್ನು ಪಟ್ಟಿ ಮಾಡಲು ಹುಟ್ಟಿದ್ದು. ಹತ್ತು ಜನರವರೆಗೆ ಉಚಿತ. ನೀವು ಸಾಫ್ಟ್‌ವೇರ್ ಬರೆಯುವವರಾದರೆ ಕಲಿಯಿರಿ, ಕೆಲಸ ಸಿಗಲು ಸಹಾಯ ಆಗುತ್ತದೆ. ಇಲ್ಲದಿದ್ದರೆ ಬೇಡ. ಸ್ಪ್ರಿಂಟ್, ಎಪಿಕ್, ಬ್ಯಾಕ್‌ಲಾಗ್ ಎಂಬ ಪದಗಳಿಗೆ ಅರ್ಥ ಹೇಳುವುದರೊಳಗೆ ಗಾರೆ ಗಟ್ಟಿಯಾಗಿರುತ್ತದೆ.

ಝೋಹೊ ಪ್ರಾಜೆಕ್ಟ್ಸ್ ನಮ್ಮ ಪಕ್ಕದ ಚೆನ್ನೈನ ಕಂಪನಿಯದು. ಪಟ್ಟಿ, ಬೋರ್ಡು, ಗ್ಯಾಂಟ್ ಮೂರೂ ಒಂದೇ ಕಡೆ ಇದೆ. ಮೊಬೈಲ್ ಆಪ್ ಇದೆ. ಉಚಿತ ಪ್ಲಾನಿನಲ್ಲಿ ಜನಕ್ಕೂ ಪ್ರಾಜೆಕ್ಟಿಗೂ ಬಿಗಿ ಮಿತಿ ಇರುತ್ತದೆ. ಎರಡನೇ ವರ್ಷ, ತಂಡ ಬೆಳೆದು ಬೋರ್ಡೂ ಗ್ಯಾಂಟೂ ಒಂದೇ ಕಡೆ ಬೇಕು ಎನಿಸಿದಾಗ ನಾನು ಮೊದಲು ನೋಡುವುದು ಇದನ್ನೇ.

ಯಾರಿಗೆ ಯಾವುದು

ನನ್ನ ತೀರ್ಪು ಕೇಳಿದರೆ ಹೀಗೆ. ತಿಪಟೂರಿನಲ್ಲಿರುವ ನನ್ನ ಅಕ್ಕ ಮದುವೆ ಮಂಟಪದ ಅಲಂಕಾರ ಮಾಡಿಸುತ್ತಾಳೆ. ಅವಳಿಗೆ ತಾರೀಖು ಜರುಗುವುದೇ ಇಲ್ಲ, ಮುಹೂರ್ತ ಮುಹೂರ್ತವೇ. ಹೂವು, ಶಾಮಿಯಾನ, ಲೈಟು, ಎಲ್ಲವೂ ಆ ದಿನಕ್ಕೆ ಸೇರಬೇಕು. ಅವಳಿಗೆ ಗ್ಯಾಂಟ್ ಬೇಡ. ಒಂದು ಮದುವೆಗೆ ಒಂದು ಕಾರ್ಡು, ಅದರೊಳಗೆ ಚೆಕ್‌ಲಿಸ್ಟು, ಬೋರ್ಡು ಸಾಕು. ಒಬ್ಬರೇ ಟೈಲರಿಂಗ್ ಮಾಡುವವರಿಗೆ, ಮನೆಯಿಂದಲೇ ಆರ್ಡರ್ ತಗೊಳ್ಳುವವರಿಗೆ ಶೀಟು. ವಸಂತನರಸಾಪುರದ ಕಡೆ ಸಣ್ಣ ಘಟಕ ಇಟ್ಟುಕೊಂಡು ಮೆಷಿನಿನ ಭಾಗ ಮಾಡಿಕೊಡುವವರಿಗೆ ಒಂದೇ ಥರದ ಆರ್ಡರುಗಳು ಒಂದರ ಹಿಂದೆ ಒಂದು ಬರುತ್ತಿದ್ದರೆ ಬೋರ್ಡು. ಹೊಸ ಶೆಡ್ಡು ಎಬ್ಬಿಸುತ್ತಿದ್ದರೆ ಆ ಆರು ತಿಂಗಳಿಗೆ ಮಾತ್ರ ಗ್ಯಾಂಟ್.

ನಮ್ಮಂತೆ ಎರಡೂ ಬೇಕಾದವರು ಒಂದರಲ್ಲೇ ಎಲ್ಲ ಮಾಡಲು ಹೋಗಬೇಡಿ. ಗ್ಯಾಂಟ್ ನನ್ನ ಲ್ಯಾಪ್‌ಟಾಪಿನಲ್ಲಿದೆ, ನಾನೊಬ್ಬಳೇ ನೋಡುವುದು. ವಾರಕ್ಕೊಂದು ಸಲ, ಶನಿವಾರ ಸಂಜೆ, ಅದರಿಂದ ಮುಂದಿನ ವಾರದ ಏಳೆಂಟು ಕಾರ್ಡುಗಳನ್ನು ಬೋರ್ಡಿಗೆ ಹಾಕುತ್ತೇನೆ. ಸೈಟಿನವರು ನೋಡುವುದು ಬೋರ್ಡು ಮಾತ್ರ. ಎರಡು ಕಡೆ ಬರೆಯುವುದು ದಡ್ಡತನ ಎಂದು ಅಣ್ಣನ ಮಗ ನಗುತ್ತಾನೆ. ಇಪ್ಪತ್ತು ನಿಮಿಷದ ದಡ್ಡತನ, ಇರಲಿ ಬಿಡಿ.

ಒಂದು ವಾರ ಪರೀಕ್ಷೆ ಮಾಡಿ

ಪೂರ್ತಿ ಮನೆಯನ್ನು ಹಾಕಬೇಡಿ. ಒಂದು ಬಾತ್‌ರೂಮ್ ಹಾಕಿ. ಕೆಲಸ ಹತ್ತಕ್ಕಿಂತ ಜಾಸ್ತಿ ಇರಬಾರದು. ಬಳಸಬೇಕಾದವರಲ್ಲಿ ಫೋನ್ ಕಂಡರೆ ಜಾಸ್ತಿ ಸಿಡಿಮಿಡಿ ಮಾಡುವವರು ಯಾರು ಎಂದು ನೋಡಿ, ಅವರ ಕೈಗೆ ಕೊಡಿ. ನಿಮ್ಮ ಕೈಯಲ್ಲಿ ಚೆನ್ನಾಗಿ ಓಡುತ್ತದೆ ಎಂಬುದು ಲೆಕ್ಕಕ್ಕಿಲ್ಲ. ಒಂದು ಕೆಲಸ ಮುಗಿಯಿತು ಎಂದು ಗುರುತು ಹಾಕಲು ಅವರಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕಾದರೆ ಆ ಸಾಫ್ಟ್‌ವೇರ್ ಎಷ್ಟೇ ಚೆನ್ನಾಗಿರಲಿ, ಮೂರನೇ ವಾರಕ್ಕೆ ನೀವೊಬ್ಬರೇ ಅದರಲ್ಲಿ ಉಳಿದಿರುತ್ತೀರಿ.

ವಾರದ ಕೊನೆಗೆ ಎರಡು ಸಂಗತಿ ನೋಡಿ. ಯಾರಾದರೂ ನಿಮಗೆ ಫೋನ್ ಮಾಡದೆ ಅದರಲ್ಲೇ ನೋಡಿ ಕೆಲಸಕ್ಕೆ ಬಂದರಾ? ನೀವು ಹೇಳದೆ ಯಾರಾದರೂ ಒಂದು ಕಾರ್ಡನ್ನು ಜರುಗಿಸಿದರಾ? ಎರಡೂ ಇಲ್ಲವಾದರೆ ಇನ್ನೊಂದನ್ನು ನೋಡಿ.

ಇನ್ನೊಂದು, ಯಾರೂ ಹೇಳದ ಸಣ್ಣ ಮಾತು. ಅಕೌಂಟ್ ಯಾರ ಇಮೇಲಿನಲ್ಲಿದೆ ಎಂದು ನೋಡಿಕೊಳ್ಳಿ. ನಮ್ಮ ಮೊದಲ ಬೋರ್ಡನ್ನು ಆಗ ನಮ್ಮಲ್ಲಿದ್ದ ಒಬ್ಬ ಹುಡುಗ ತನ್ನ ಸ್ವಂತ ಇಮೇಲಿನಲ್ಲಿ ಮಾಡಿದ್ದ. ಅವನು ಬೇರೆ ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡ್ ನೆನಪಿಸಿಕೊಳ್ಳುವವರೆಗೆ ಹನ್ನೊಂದು ದಿನ ಕಾದೆವು. ತಂಡದ ಹೆಸರಿನಲ್ಲಿ ಒಂದು ಇಮೇಲ್ ಮಾಡಿ, ಅದರಿಂದಲೇ ಎಲ್ಲವನ್ನೂ ಶುರು ಮಾಡಿ.

ನಮ್ಮ ಮೇಸ್ತ್ರಿಗೆ ಬೋರ್ಡು ಕೈಗೆ ಹತ್ತಲು ಎರಡು ವಾರ ಹಿಡಿಯಿತು. ಮೊದಲ ವಾರ ಅವರ ಕಾರ್ಡುಗಳನ್ನು ಅವರ ಮಗಳು, ಪಿಯುಸಿ ಓದುವವಳು, ಸಂಜೆ ಮನೆಯಲ್ಲಿ ಕೂತು ಜರುಗಿಸುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಎರಡನೇ ವಾರದಿಂದ ಅವರೇ. ಈಗ ಮೋಲ್ಡಿನ ಹಿಂದಿನ ಸಂಜೆ ಪ್ರತಿ ರೂಮಿನ ಫ್ಯಾನ್ ಬಾಕ್ಸಿನ ಫೋಟೊ ಬರುತ್ತದೆ, ಪಕ್ಕದಲ್ಲಿ ಅವರ ಹೆಬ್ಬೆರಳೂ ಬಂದಿರುತ್ತದೆ. ಹೋದ ತಿಂಗಳು ಒಂದು ಶುಕ್ರವಾರ ರಾತ್ರಿ "ಮಾಡಬೇಕು" ಲಿಸ್ಟಿನಲ್ಲಿ ನಾನು ಹಾಕದ ಒಂದು ಕಾರ್ಡು ಕಂಡಿತು. ಕೆಂಪು ಲೇಬಲ್ಲು, ಕಡೆಯ ತಾರೀಖು ಮಾರನೇ ದಿನ, ಯಾರಿಗೆ ಎನ್ನುವಲ್ಲಿ ನನ್ನ ಹೆಸರು. ಒಳಗೆ ಒಂದೇ ಪದ ಬರೆದಿದ್ದರು: "ಬಟವಾಡೆ".